ಮೊಸಳೆ ನನ್ನನ್ನು ತಿಂದ ದಿನ

ನಾನು ಚಿಕ್ಕವನಿದ್ದಾಗ ಕಾವೇರಿಯ ಮೊಸಳೆ ನನ್ನನ್ನು ತಿಂದುಹಾಕಿತ್ತು. ನಂಬುವುದಿಲ್ಲವಾ? ನಂಬದೆ ಇರಿ, ನೋಡೋಣ! ಅಪ್ಪ ನಂಬಿದ್ದ, ಅಕ್ಕ ನಂಬಿದ್ದಳು, ಹೊಳೆ ದಂಡೆಯಲ್ಲಿದ್ದವರೆಲ್ಲ ನಂಬಿದ್ದರು. ನೀವೇನು ಅವರಿಗಿಂತ ಜಾಣರಾ?

ವರ್ಷಕ್ಕೊಂದು ಸಲ ನಾವು ಮುತ್ತತ್ತಿಗೆ ಹೋಗುತ್ತಿದ್ದೆವು. ಆಂಜನೇಯನಿಗೆ ಕೈಮುಗಿದು, ಹೊಳೆ ದಂಡೆಯ ಮರದ ನೆರಳಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ಬಾಡೂಟ ಮಾಡಿ ಉಣ್ಣುವುದು ನಮ್ಮ ಕಡೆಯ ವಾಡಿಕೆ. ಸುತ್ತ ಹತ್ತಾರು ಒಲೆಗಳ ಹೊಗೆ, ಮರದ ತುಂಬ ಕೋತಿಗಳು, ಬಂಡೆಗಳ ನಡುವೆ ಭೋರ್ಗರೆಯುವ ನೀರು. ಅಪ್ಪ ಸೌದೆ ಒಡೆಯುತ್ತಿದ್ದ. ಅಕ್ಕ ಸಾರಿನ ಮುಂದೆ ಕೂತಿದ್ದಳು.

ನನಗೆ ಎಂಟು ವರ್ಷ. ಕೀಟಲೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಮಳವಳ್ಳಿ ತಾಲ್ಲೂಕಿನಲ್ಲೇ ಇರಲಿಲ್ಲ.

"ನೀರ್ ತಾವ ಓಗ್ಬ್ಯಾಡ ಕಣ್ಲಾ, ಮೊಸಳೆ ಅವೆ," ಎಂದಳು ಅಕ್ಕ.

"ಬರ್ಲಿ ಬುಡು. ನಿನ್ ಸಾರಿನ್ ವಾಸ್ನೆಗೇ ಓಡೋಯ್ತವೆ!"

"ನಿನ್ನ ಎತ್ಕೊಂಡೋದ್ರೆ ಅವೇ ವಾಪಸ್ ತಂದ್ಬುಡ್ತವೆ. ಓಗ್ಲಾ!"

ಆಗಲೇ ಉಪಾಯ ಹೊಳೆಯಿತು. ಅಕ್ಕ ಅತ್ತ ತಿರುಗಿದಾಗ ಪಾತ್ರೆಯಿಂದ ಒಂದು ಬಾಡಿನ ತುಂಡು ಎಗರಿಸಿದೆ. ಅಂಗಿ, ಚಡ್ಡಿ ಬಿಚ್ಚಿ ನೀರಂಚಿನ ಬಂಡೆಯ ಮೇಲಿಟ್ಟೆ. ಜನರನ್ನು ಹೊಳೆಯಲ್ಲಿ ಸುತ್ತಾಡಿಸುವ ಹರಿಗೋಲೊಂದನ್ನು ಮರಳಿನ ಮೇಲೆ ಒಣಗಲು ಬೋರಲು ಹಾಕಿದ್ದರು. ದೊಡ್ಡ ಬುಟ್ಟಿಯಂಥ ಆ ದುಂಡು ದೋಣಿಯ ಅಡಿಗೆ ನುಸುಳಿದೆ. ಮೊಸಳೆ ತಿಂದಿತೆಂದು ಅಕ್ಕ ಚೆನ್ನಾಗಿ ಅಳಲಿ, ಆಮೇಲೆ ಎದ್ದು ಬಂದು ನಗೋಣ ಎಂದು.

ಒಳಗೆ ಕತ್ತಲೆ. ಚರ್ಮದ ವಾಸನೆ, ಮೀನಿನ ವಾಸನೆ. ಅಷ್ಟರಲ್ಲಿ ಗಾಳಿ ಎದ್ದಿತು. ಹರಿಗೋಲಿನ ಮುದುಕ ಬಂದು, ಅದು ಹಾರಿಹೋಗದಿರಲೆಂದು ಮೇಲೊಂದು ದಪ್ಪ ಕಲ್ಲು ಹೇರಿದ. ಧಡ್! ಕೂಗಿದರೆ ನನ್ನ ಆಟ ಕೆಡುತ್ತದಲ್ಲ, ಬಾಯಿ ಮುಚ್ಚಿಕೊಂಡೆ. ಅವನು ಹೊರಟುಹೋದ ಮೇಲೆ ತಳ್ಳಿ ನೋಡಿದರೆ ಹರಿಗೋಲು ಅಲ್ಲಾಡಲಿಲ್ಲ.

ಆಗ ಅಕ್ಕನ ಚೀರಾಟ ಕೇಳಿಸಿತು. "ಅಪ್ಪೋ! ಬಟ್ಟೆ ಇಲ್ಲೇ ಅವೆ, ಇವ್ನೇ ಇಲ್ಲ!"

ಅಂಚಿನ ಸಂದಿಯಲ್ಲಿ ಕಣ್ಣಿಟ್ಟೆ. ಅಪ್ಪನ ಪಾದಗಳು ಓಡುತ್ತಿದ್ದವು. ಅಪ್ಪನಿಗೆ ಈಜು ಬರುತ್ತಿರಲಿಲ್ಲ. ಅಲ್ಲಿಯ ಸುಳಿಗೆ ಸಿಕ್ಕವರು ಮೇಲೆ ಬರುವುದಿಲ್ಲ ಎಂದು ನನಗೆ ಹೇಳಿದ್ದವನೇ ಅವನು. ಆ ಪಾದಗಳು ನೀರಿಗಿಳಿದವು. ಮೊಣಕಾಲು ಮುಳುಗಿತು. ಸೊಂಟ ಮುಳುಗಿತು.

"ಬ್ಯಾಡ ಕಣಪ್ಪೋ, ಬಾರಪ್ಪೋ!"

"ಬುಡವ್ವ! ನನ್ ಮಗ ಕಣವ್ವ!"

"ಅಪ್ಪಾ, ಇಲ್ಲಿವ್ನಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ನನ್ನ ದನಿಯನ್ನು ಹೊಳೆಯ ಮೊರೆತ ನುಂಗಿತು. ಬೆನ್ನು ಕೊಟ್ಟು ಎತ್ತಿದೆ, ಉಗುರು ಕಿತ್ತುಬರುವಂತೆ ಮರಳು ಕೆರೆದೆ. ಆಗಲೇ ನನ್ನ ಹಿಂದೆ ಏನೋ ಬುಸುಗುಟ್ಟಿತು. ತಣ್ಣಗೆ, ಒದ್ದೆಯಾದದ್ದೇನೋ ಅಂಗಾಲಿಗೆ ತಾಗಿತು. ನಿಜವಾದ ಮೊಸಳೆಯೇ ಬಂತು ಎಂದುಕೊಂಡೆ. ಉಚ್ಚೆ ಹೋಯಿತು. ನಗಬೇಡಿ!

ಅದು ನಾಯಿ. ಕದ್ದ ಬಾಡಿನ ವಾಸನೆ ಹಿಡಿದು ಬಂದು ಮರಳು ತೋಡುತ್ತಿತ್ತು. ಅದು ತೋಡಿದ ಕಿಂಡಿಯಲ್ಲಿ ಕೈ ಹೊರಹಾಕಿ ಬೆರಳು ಆಡಿಸಿದೆ. ನಾಯಿ ಬೆದರಿ ಬೊಗಳಿತು. ಅದನ್ನು ಓಡಿಸಲು ಬಂದ ಮುದುಕ, "ಅಯ್ಯಯ್ಯೋ, ಇಲ್ಲೊಂದು ಕೈ ಅದೆ ಕಣ್ರಪ್ಪೋ!" ಎಂದು ಕೂಗಿ ಕಲ್ಲು ಉರುಳಿಸಿದ.

ಅಷ್ಟರಲ್ಲಿ ಅಪ್ಪ ಎದೆಮಟ್ಟದ ನೀರಿನಲ್ಲಿದ್ದ. ತಿರುಗಿ ನೋಡಿದ. ದಡಕ್ಕೆ ಬಂದವನೇ ನನ್ನ ಕೆನ್ನೆಗೆ ಎಂಥ ಏಟು ಕೊಟ್ಟ ಎಂದರೆ, ಆಚೆ ದಡದ ಕೋತಿಗಳೆಲ್ಲ ಓಡಿಹೋದವು.

ಹೋದ ಭಾನುವಾರ ಮೊಮ್ಮಕ್ಕಳ ಜೊತೆ ಮತ್ತೆ ಮುತ್ತತ್ತಿಗೆ ಹೋಗಿದ್ದೆ. ಈಗ 'ನೀರಿಗೆ ಇಳಿಯಬೇಡಿ' ಎಂದು ಬೋರ್ಡು ಹಾಕಿದ್ದಾರೆ. ಆಗ ನಾವು ಕಲ್ಲಿನ ಮೇಲೆ ಕೂತು ಕೋತಿಗಳನ್ನು ನೋಡುತ್ತಿದ್ದೆವು, ಇವರು ಫೋನಿನೊಳಗೆ ನೋಡುತ್ತಾರೆ. ಚಿಕ್ಕವನು ತನ್ನ ಚಪ್ಪಲಿಗಳನ್ನು ನೀರಂಚಿಗಿಟ್ಟು, ಮರದ ಮರೆಯಲ್ಲಿ ನಿಂತು ನನ್ನ ವಿಡಿಯೋ ಮಾಡಿದ. "ತಾತ ಎದ್ರುಕೊಂಡ!" ಎಂದು ಕುಣಿದ. ನಾನೂ ನಕ್ಕೆ. ಆದರೆ ಆಗಲೇ ನನ್ನ ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

ಮೊಸಳೆಯ ಮಾತು ಬಿಟ್ಟರೆ ಈ ಕತೆಯಲ್ಲಿ ಒಂದೇ ಒಂದು ಸುಳ್ಳಿದೆ, ಒಪ್ಪಿಕೊಳ್ಳುತ್ತೇನೆ. ನಾಯಿ ನಿಜ, ಕಲ್ಲು ನಿಜ, ಉಚ್ಚೆಯೂ ನಿಜ. ಏಟು ಮಾತ್ರ ಸುಳ್ಳು. ಅಪ್ಪ ಹೊಡೆಯಲೇ ಇಲ್ಲ. ಮರಳಿನ ಮೇಲೆ ಕುಸಿದು ಕೂತು, ನನ್ನ ಎರಡೂ ಪಾದ ಹಿಡಿದುಕೊಂಡು ನಡುಗುತ್ತಿದ್ದ. ಹೊಡೆದಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ.