ಗೋಡೆಯ ಮೇಲಿನ ರಾಜಕುಮಾರಿ

ಆರ್ಡಿತ್ ಪ್ರೂಯಿಟ್ ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಊಟ ಬಡಿಸಿದವಳು. ಎರಡನೇ ಸಲ ತಟ್ಟೆ ಚಾಚಿ ಮೊದಲನೇ ಸಲ ಎನ್ನುವವರನ್ನು ಮುಖ ನೋಡಿಯೇ ಹಿಡಿಯಬಲ್ಲೆ ಎಂಬ ಜಂಬ ಅವಳಿಗೆ. ಆ ಜಂಬದಲ್ಲೇ ಒಕ್ಲಹೋಮಾದ ಆ ಪುಟ್ಟ ಊರಿನ ಮನೆಮನೆಯ ಬಾಗಿಲು ಬಡಿದು, ಶಾಸನಸಭೆಗೆ ನಿಂತಿದ್ದ ಲೊರೆಟ್ಟಾ ಹ್ಯಾಸ್ಕ್ಯೂ ಸುಳ್ಳು ಹೇಳುವವಳಲ್ಲ, ಅದಕ್ಕೆ ನಾನು ಹೊಣೆ ಎಂದು ಮಾತು ಕೊಟ್ಟು ಬಂದಿದ್ದಳು.

ಮತದಾನಕ್ಕೆ ವಾರವಿದ್ದಾಗ ಎದುರಾಳಿ ಡ್ವೈಟ್ ಟ್ರಂಬೋ ಕರಪತ್ರ ಹಂಚಿದ. ಲೊರೆಟ್ಟಾ ತನ್ನ ಮುತ್ತಜ್ಜಿ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನವಳು ಎನ್ನುತ್ತಾಳೆ, ಆದರೆ ಸರ್ಕಾರ ಹಿಂದೆ ಬರೆಸಿದ ಚೆರೋಕಿ ಜನರ ಪಟ್ಟಿಯಲ್ಲಿ ಆ ಹೆಸರೇ ಇಲ್ಲವಂತೆ.

ಆರ್ಡಿತ್ ಅದನ್ನು ಹಿಡಿದು ನೆರೆಮನೆಯ ಬರ್ನಿಸ್ ಕೆಚರ್ ಬಳಿಗೆ ಓಡಿದಳು. ಬರ್ನಿಸ್ ಅಪ್ಪಟ ಚೆರೋಕಿ.

"ಪಟ್ಟೀಲಿ ಹೇಗಿರತ್ತೆ ಕಣೇ? ಹೆಸರು ಬರೆಸ್ಬಾರ್ದು ಅಂತ ಲೊರೆಟ್ಟಾಳ ಮುತ್ತಜ್ಜಿ ಗುಡ್ಡದಲ್ಲಿ ಅಡಗಿಕೊಂಡಿದ್ಲಂತೆ."

"ಆ ಗುಡ್ಡ ಎಷ್ಟು ದೊಡ್ಡದೋ ಏನೋ. ಈ ಊರಿನ ಬಿಳಿಯರ ಮುತ್ತಜ್ಜಿಯರೆಲ್ಲ ಅಲ್ಲೇ ಅಡಗಿದ್ರು."

"ನಮ್ಮ ಮುತ್ತಜ್ಜಿ ಮಾತ್ರ ನಿಜವಾದ ಚೆರೋಕಿ ರಾಜಕುಮಾರಿ. ನಮ್ಮನೆ ಗೋಡೆ ಮೇಲಿನ ಫೋಟೋದಲ್ಲಿ ಆ ಕೆನ್ನೆ ಮೂಳೆ ನೋಡಿಲ್ವಾ?"

"ನಮ್ಮಲ್ಲಿ ರಾಜನೇ ಇರ್ಲಿಲ್ಲ, ರಾಜಕುಮಾರಿ ಎಲ್ಲಿಂದ ಬಂದ್ಲು?"

ಆರ್ಡಿತ್‌ಗೆ ತಲೆ ಗಿರ್ರೆಂದಿತು. "ನಲವತ್ತು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಪ್ರತಿ ಸಲ ಪೀಚ್ ಪೈ ಕೊಟ್ಟು ಆ ಕತೆ ಹೇಳ್ತಿದ್ದೆ. ನನ್ನ ಬಾಯಿ ತುಂಬಿರ್ತಿತ್ತು."

ಮರುದಿನ ಚರ್ಚಿನ ನೆಲಮಾಳಿಗೆಯಲ್ಲಿ ಇಬ್ಬರು ಅಭ್ಯರ್ಥಿಗಳ ಸಭೆ, ಜೊತೆಗೆ ಬೀನ್ಸ್, ಕಾರ್ನ್‌ಬ್ರೆಡ್ ಊಟ. ಲೊರೆಟ್ಟಾಳ ಪರ ಮಾತಾಡಬೇಕಿದ್ದವಳು ಆರ್ಡಿತ್. ಎದ್ದು ನಿಂತು ಅವಳು ಕೇಳಿದ್ದು ಇಷ್ಟೇ: "ಚೆರೋಕಿ ಮುತ್ತಜ್ಜಿ ಇರೋರೆಲ್ಲ ಕೈ ಎತ್ತಿ."

ಕೋಣೆಗೆ ಕೋಣೆಯೇ ಕೈ ಎತ್ತಿತು. ಪಾದ್ರಿಗಳು ಬೀನ್ಸಿನ ಸೌಟು ಸಮೇತ ಎತ್ತಿದರು. ಡ್ವೈಟ್ ಟ್ರಂಬೋ ಕೂಡ ಅಭ್ಯಾಸಬಲದಿಂದ ಕೈ ಎತ್ತಿಬಿಟ್ಟ.

"ಪಟ್ಟೀಲಿ ಹೆಸರು ಇಲ್ದೋರು ಇಳಿಸಿ."

ಟ್ರಂಬೋ ತಲೆ ಕೆರೆದುಕೊಳ್ಳುವವನಂತೆ ಕೈ ಇಳಿಸಿದ. ಬರ್ನಿಸಳ ಕೈ ಮಾತ್ರ ಕಾರ್ನ್‌ಬ್ರೆಡ್ ಹಿಡಿದು ಮೇಲೇ ಉಳಿಯಿತು. ಆರ್ಡಿತ್ ಎಲ್ಲರಿಗಿಂತ ಕೊನೆಗೆ ಇಳಿಸಿದಳು. ಆಮೇಲೆ ಲೊರೆಟ್ಟಾಳನ್ನು ನೋಡಿದಳು. ಮಾತು ಕೊಟ್ಟಿದ್ದು ಇವಳಿಗಾಗಿ.

ಲೊರೆಟ್ಟಾ ಎದ್ದಳು. "ಅಮ್ಮ ಹೇಳಿದ್ದನ್ನೇ ಹೇಳ್ಕೊಂಡು ಬಂದೆ. ವಿಚಾರಿಸಿ ನೋಡ್ಬೇಕಿತ್ತು, ನೋಡ್ಲಿಲ್ಲ. ಇನ್ಮೇಲೆ ಹೇಳಲ್ಲ. ಮಿಸ್ ಬರ್ನಿಸ್, ತಪ್ಪಾಯ್ತು."

ಮೊದಲು ನಕ್ಕದ್ದು ಬರ್ನಿಸ್. ಆಮೇಲೆ ನಗು ತಡೆದುಕೊಳ್ಳುವುದು ಯಾರಿಂದಲೂ ಆಗಲಿಲ್ಲ. ಆರ್ಡಿತ್‌ಗಂತೂ ಶಾಲೆ ಬಿಟ್ಟ ಮಕ್ಕಳ ಖುಷಿ.

"ಗೆಲ್ತಾಳೇನೇ?" ಮನೆಗೆ ಹೋಗುವ ದಾರಿಯಲ್ಲಿ ಆರ್ಡಿತ್ ಬರ್ನಿಸಳನ್ನು ಕೇಳಿದಳು.

"ಅನುಮಾನ. ಒಂದೇ ಸಂಜೆಗೆ ಅಷ್ಟು ರಾಜಕುಮಾರಿಯರನ್ನ ಮಣ್ಣು ಮಾಡಿದೀಯ. ನಂದೊಂದು ವೋಟು ಅವಳಿಗೇ."

ಆರ್ಡಿತ್ ಮನೆಗೆ ಬಂದವರೇ ಇಬ್ಬರೂ ಸೇರಿ ಫೋಟೋ ಕೆಳಗಿಳಿಸಿದರು. ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು: ಮಹಾಲಾ ಗ್ರಬ್ಸ್, ಟೆನೆಸ್ಸಿ, ಬಟ್ಟೆ ಒಗೆದು ಆರು ಮಕ್ಕಳನ್ನು ಸಾಕಿದವಳು.

ಇಷ್ಟು ವರ್ಷ ಯಾರೂ ಅದನ್ನು ತಿರುಗಿಸಿ ನೋಡಿರಲಿಲ್ಲ.

"ಮಹಾಲಾ," ಎಂದು ಆರ್ಡಿತ್ ಮೊಟ್ಟಮೊದಲ ಸಲ ಮುತ್ತಜ್ಜಿಯನ್ನು ಹೆಸರು ಹಿಡಿದು ಕರೆದಳು. ಕಣ್ಣು ತುಂಬಿ ಬಂತು.

"ಕೆನ್ನೆ ಮೂಳೆ ಮಾತ್ರ ಚೆನ್ನಾಗಿದೆ ಕಣೇ," ಎಂದು ಬರ್ನಿಸ್ ಫೋಟೋವನ್ನು ಅದೇ ಮೊಳೆಗೆ ತೂಗುಹಾಕಿದಳು.