ರೇಣುಕಾ ಕೊಟ್ಟ ಕಡೆಯ ಪಾಸು

ಮಗಳು ಮೊನ್ನೆ ಹೊಸ ಬಾಸ್ಕೆಟ್‌ಬಾಲ್ ತಂದಿದ್ದಾಳೆ. ಅದರ ರಬ್ಬರ್ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೈ ಜುಮ್ಮೆಂದಿತು. ನಗಬೇಡಿ, ಕಾರಣವಿದೆ.

ನಾನು ಆಡಿದವನಲ್ಲ. ಶಹಾಬಾದಿನ ಹುಡುಗಿಯರ ತಂಡದ ಜೊತೆ ಊರೂರು ತಿರುಗಿ, ಮೇಜಿನ ಹಿಂದೆ ಗತ್ತಿನಿಂದ ಕುಳಿತು ಅಂಕ ಬರೆಯುತ್ತಿದ್ದವನು. ಆ ಹಾಳೆಯಲ್ಲಿ ಬಾಸ್ಕೆಟ್ ಹಾಕಿದವರ ಹೆಸರಿಗಷ್ಟೇ ಜಾಗ, ಚೆಂಡು ಕೊಟ್ಟವರಿಗಿಲ್ಲ. ಹೀಗಾಗಿ ದಂಡೋತಿಯ ರೇಣುಕಾ ಎಂಬ, ಚೆಂಡು ಹಂಚುವ ಪಾಯಿಂಟ್ ಗಾರ್ಡ್ ಇಡೀ ಆಟ ನಡೆಸಿದರೂ ಅವಳ ಸಾಲು ಬಹುತೇಕ ಖಾಲಿಯೇ. ರಿಂಗಿನ ಕೆಳಗೇ ಇದ್ದರೂ, ಕತ್ತು ಹೊರಳಿಸದೆ ಚೆಂಡನ್ನು ಗೆಳತಿಯರಿಗೆ ದಾಟಿಸಿಬಿಡುವಳು. ಹೆಚ್ಚಾಗಿ ಶಾಂತಾಗೆ. ಶಾಂತಾ ಎಡಮೂಲೆಯಲ್ಲಿ ಕೈ ಎತ್ತಿ ನಿಲ್ಲುತ್ತಿದ್ದಳು.

ಒಂದು ಮಳೆಗಾಲ ಶಾಂತಾ ಕಾಗಿಣಾ ಹೊಳೆಯಲ್ಲಿ ಮುಳುಗಿ ಸತ್ತಳು. ತಿಂಗಳ ಮೇಲೆ ಸೇಡಂನಲ್ಲಿ ಫೈನಲ್.

ಮಟಮಟ ಮಧ್ಯಾಹ್ನ. ಒಂದು ಅಂಕ ಹಿಂದಿದ್ದೆವು. ಕೊನೆಯ ಕೆಲವು ಸೆಕೆಂಡು. ಚೆಂಡು ರೇಣುಕಾಳ ಕೈಯಲ್ಲಿ, ಎದುರಿಗೆ ಯಾರೂ ಇಲ್ಲ.

"ಹಾಕವ್ವಾ, ನೀನೇ ಹಾಕು!" ಕೋಚ್ ಚೀರಿದರು.

ಅವಳು ನೋಡದೆಯೇ ಎಡಮೂಲೆಗೆ ಎಸೆದಳು. ಅಲ್ಲಿ ಯಾರೂ ಇರಲಿಲ್ಲ.

ಚೆಂಡು ನೆಲಕ್ಕೆ ಬಡಿಯುವ ಸದ್ದಿಗೆ ಕಾದೆ. ಬರಲಿಲ್ಲ. ಗೆರೆಯ ಹತ್ತಿರ, ಎದೆಯೆತ್ತರದಲ್ಲಿ, ಅದು ಗಳಿಗೆ ಹೊತ್ತು ನಿಂತಂತಾಯಿತು. ಆಮೇಲೆ ನಿಧಾನಕ್ಕೆ ಮೇಲೇರಿ, ಬಾಗಿ, ರಿಂಗಿನೊಳಗೆ ಇಳಿಯಿತು. ಗಾಳಿ ಅಂದರು ಕೆಲವರು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಯಾರ ಹೆಸರು ಬರೀಲಿ, ತಂಗಿ?" ಅಂಕದ ಹಾಳೆ ಹಿಡಿದು ರೇಣುಕಾಳ ಬಳಿ ಹೋಗಿ ಕೇಳಿದೆ.

"ಹಾಕಿದವ್ರದ್ದೇ ಬರೀರಿ, ಅಣ್ಣಾರ."

ಅಂಜಿಕೆಯಾಗಿ ರೇಣುಕಾ ಎಂದೇ ಬರೆದೆ. ಅವಳು ಮತ್ತೆ ಆಡಲಿಲ್ಲ.

ಇಷ್ಟು ವರ್ಷ ಕೇಳದೇ ಉಳಿದದ್ದನ್ನು ಕೇಳಲು ನಿನ್ನೆ ಚಿಂಚೋಳಿಗೆ ಹೋದೆ. ಅವಳೀಗ ಅಲ್ಲಿ ನರ್ಸ್.

"ಅವತ್ತು ಸೇಡಂದಾಗ ಶಾಂತಾ ಖರೇನೇ ಕಂಡಿದ್ಲೇನು?"

ರೇಣುಕಾ ಚಾದ ಕಪ್ಪನ್ನು ನನ್ನ ಮುಂದೆ ಇಟ್ಟಳು. "ಗೊತ್ತಿಲ್ರಿ ಅಣ್ಣಾರ. ಅಕಿ ಇನ್ನಾ ಇದ್ದಾಗ, ವಾಡಿ ಊರಿನ ಆಟದಾಗ, ಕೈ ಎತ್ತಿ ನಿಂತಿದ್ಲು, ನನ್ನ ಹೆಸರು ಹಿಡಿದು ಕರೀಲಿಕತ್ತಿದ್ಲು. ನಾ ಕೊಡಲಿಲ್ಲ. ಒಮ್ಮೆಯಾದ್ರೂ ನಾನೇ ಹಾಕಬೇಕು ಅನಿಸ್ತು, ಹಾಕ್ದೆ. ಗೆದ್ದಿವಿ. ಅಕಿಗಿ ಅದೇ ಕಡೀ ಆಟ ಆಯ್ತು."

ವಾಡಿಯ ಆ ಬಾಸ್ಕೆಟ್ ನನಗೆ ಚೆನ್ನಾಗಿ ನೆನಪಿದೆ. ಮೇಜು ಬಿಟ್ಟು ಎದ್ದು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನೇ. ಅದನ್ನು ಅವಳಿಗೆ ಹೇಳಲಾಗಲಿಲ್ಲ.

"ಚಾ ಆರಲಿಕತ್ತದ, ಕುಡೀರಿ" ಎಂದಳು. ಕುಡಿದು ಬಂದೆ.