ಸಂತೆಯಲ್ಲ, ಸಂತರು

ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿರುವ ಸಣ್ಣ ಪ್ರೆಸ್ಸಿಗೆ ಗುತ್ಯಮ್ಮ ಸೇರಿದ್ದು ಬಿಲ್‌ಬುಕ್ಕುಗಳಿಗೆ ಹೊಲಿಗೆ ಹಾಕಲು. ಓದಿದ್ದು ಏಳನೇ ತರಗತಿ. ಮಡಿಸುವ ಹಾಳೆಗಳನ್ನೆಲ್ಲ ಓದುತ್ತಾ ಓದುತ್ತಾ ತಪ್ಪು ಹಿಡಿಯುವುದನ್ನು ಕಲಿತರು. ಮದುವೆ ಕರೆಯೋಲೆಯೊಂದರಲ್ಲಿ 'ವಧು' ಹೋಗಿ 'ವಧ' ಆಗಿದ್ದನ್ನು ಅವರು ತೋರಿಸಿದ ಮೇಲೆ, ಮಾಲೀಕ ಕೃಷ್ಣಕುಮಾರ್ ಪ್ರೂಫ್ ನೋಡುವ ಕೆಲಸವನ್ನೇ ಅವರಿಗೆ ಕೊಟ್ಟರು. ಅದಾಗಿ ಇಪ್ಪತ್ತೆರಡು ವರ್ಷ.

ಕಳೆದ ವರ್ಷ ಸಾಗರದ ಕಡೆಯ ಚರ್ಚೊಂದರಿಂದ ಆಮಂತ್ರಣ ಪತ್ರಿಕೆಯ ಕೆಲಸ ಬಂತು. ದೂರದೇಶದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿ ತೀರಿಕೊಂಡಿದ್ದ ಸನ್ಯಾಸಿನಿಯೊಬ್ಬರನ್ನು ರೋಮಿನಲ್ಲಿ ಸಂತರ ಸಾಲಿಗೆ ಸೇರಿಸಿದ್ದರು. ಅದಕ್ಕಾಗಿ ಇಲ್ಲಿ ಕೃತಜ್ಞತಾ ಪೂಜೆ. ಬರೆದುಕೊಟ್ಟವರು 'ಸಂತೆ ಪದವಿ ಪ್ರದಾನ' ಎಂದು ಬರೆದಿದ್ದರು.

ಗುತ್ಯಮ್ಮ ಪೆನ್ನು ಕೆಳಗಿಟ್ಟರು. "ಸಂತನಿಗೆ ಹೆಣ್ಣು ಸಂತೆ ಅಂತ ಮಾಡಿದಾರೆ. ಓದಿದೋರು ಚೀಲ ಹಿಡ್ಕೊಂಡು ಬರ್ತಾರೆ ಅಷ್ಟೆ."

"ಅವರು ಬರೆದುಕೊಟ್ಟಂಗೆ ಪ್ರಿಂಟ್ ಹೊಡೆದು ಕೊಡಾಣ ಗುತ್ಯಮ್ಮ. ನಮಗೆಂತಕ್ಕೆ?" ಎಂದರು ಕೃಷ್ಣಕುಮಾರ್.

"ಜನ ನಗಾಡೋದು ನಮ್ಮನ್ನಲ್ಲ, ಆ ತಾಯಿನ."

ಕೃಷ್ಣಕುಮಾರ್ ಮೆಷಿನ್ ನಿಲ್ಲಿಸಿದರು. ನಿಘಂಟು ತೆಗೆದು ನೋಡಿದರೂ ಗುತ್ಯಮ್ಮನಿಗೆ ಸಮಾಧಾನವಾಗಲಿಲ್ಲ. ಸಂತೆಗಿಂತ 'ಪ್ರದಾನ' ಹೆಚ್ಚು ಕೊರೆಯತೊಡಗಿತ್ತು. ಮರುದಿನ ಬೆಳಿಗ್ಗೆ ಸಾಗರದ ಬಸ್ಸು ಹತ್ತಿದರು. ಚರ್ಚಿಗೆ ಕಾಲಿಟ್ಟಿದ್ದು ಅದೇ ಮೊದಲು. ಚಪ್ಪಲಿ ಹೊರಗೆ ಬಿಟ್ಟು, ಪ್ರೂಫ್ ಹಾಳೆ ಹಿಡಿದು ವಯಸ್ಸಾದ ಪಾದ್ರಿಯ ಎದುರು ನಿಂತರು.

"ಫಾದರ್, ಈ ಪದವಿನ ಯಾರು ಕೊಡೋದು?"

"ಕೊಡೋದಲ್ಲಮ್ಮ," ಎಂದರು ಪಾದ್ರಿ. "ಅವರು ಆಗಲೇ ದೇವರ ಹತ್ರ ಇದ್ದಾರೆ. ಅವರ ಬದುಕು, ಅವರಿಂದಾದ ಪವಾಡ ಎಲ್ಲ ವರ್ಷಗಟ್ಟಲೆ ವಿಚಾರಿಸಿ, ಪೋಪ್ ಅದನ್ನ ಲೋಕಕ್ಕೆ ಸಾರಿ ಹೇಳ್ತಾರೆ."

"ಹಾಗಾದ್ರೆ ಪ್ರದಾನ ಬೇಡ, ಘೋಷಣೆ ಅನ್ನಾಣ. ಸಂತೆನೂ ಬೇಡ, ಸಂತರು ಅಂತ ಹಾಕಾಣ. ಗೌರವದ ಬಹುವಚನ, ಗಂಡಸರಿಗೂ ಆಗ್ತದೆ, ಹೆಂಗಸರಿಗೂ ಆಗ್ತದೆ."

'ಸಂತರೆಂದು ಘೋಷಣೆ.' ಪಾದ್ರಿ ಎರಡು ಸಲ ಬಾಯಲ್ಲೇ ಹೇಳಿಕೊಂಡರು. "ಮೂವತ್ತು ವರ್ಷದಿಂದ ಪದವಿ ಪದವಿ ಅಂತಲೇ ಹೇಳ್ಕೊಂಡು ಬಂದೆ ನೋಡಿ," ಎಂದು ಹಾಳೆಗೆ ಸಹಿ ಹಾಕಿದರು.

ಪೂಜೆಯ ದಿನ ಗುತ್ಯಮ್ಮನನ್ನೂ ಕರೆದಿದ್ದರು. ಪ್ರವಚನದಲ್ಲಿ ಪಾದ್ರಿ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಿ, ತಿದ್ದಿಕೊಟ್ಟವರು ಹಿಂದಿನ ಬೆಂಚಿನಲ್ಲಿದ್ದಾರೆ ಎಂದಾಗ ಎಲ್ಲರೂ ತಿರುಗಿ ನೋಡಿದರು. ಗುತ್ಯಮ್ಮ ತಲೆ ತಗ್ಗಿಸಿದರು. ಪಕ್ಕದಲ್ಲಿದ್ದ ಅಜ್ಜಿ ಅವರ ಕೈ ಹಿಡಿದುಕೊಂಡು, ಪೂಜೆ ಮುಗಿಯುವವರೆಗೂ ಬಿಡಲಿಲ್ಲ.

ಈಗ ಚರ್ಚಿನ ತಿಂಗಳ ಪತ್ರಿಕೆಯ ಪ್ರೂಫೂ ಗುತ್ಯಮ್ಮನ ಮೇಜಿಗೇ ಬರುತ್ತದೆ. ಮೊದಲ ಸಂಚಿಕೆಯಲ್ಲೇ ಹನ್ನೊಂದು ತಪ್ಪು ಸಿಕ್ಕವು.